ಹೋಗುವವರನ್ನು ಹಿಡಿಯುವ ನಾಯಿ

ಊರಿನ ನಾಯಿಗಳೆಲ್ಲ ಬರುವವರನ್ನು ಕಂಡರೆ ಬೊಗಳುತ್ತವೆ. ನಮ್ಮ ಮನೆಯದು ಹೋಗುವವರನ್ನು ಹಿಡಿಯುತ್ತಿತ್ತು. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು ನಷ್ಟ?

ಆಗ ನಾವು ಅರಸೀಕೆರೆಯಲ್ಲಿದ್ದೆವು. ಅಪ್ಪನಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರ ಕೆಲಸ. ಅಮ್ಮ ಹೆರಿಗೆಗೆಂದು ತವರುಮನೆ ಹಳೇಬೀಡಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಹತ್ತು ವರ್ಷದ ನಾನು, ಆರು ವರ್ಷದ ತಮ್ಮ. ಹಗಲೆಲ್ಲ ಗಂಡಸರಿಲ್ಲದ ಮನೆ, ಕಾವಲಿಗೊಂದು ಪ್ರಾಣಿ ಇರಲಿ ಎಂದು ಅಪ್ಪ ಗಂಡಸಿ ಎಂಬ ಊರಿನ ಪರಿಚಯದವರ ತೆಂಗಿನ ತೋಟದಿಂದ ಈ ನಾಯಿಯನ್ನು ತರಿಸಿದರು. ಗಾಡಿಯಲ್ಲಿ ತಂದು ಬಿಟ್ಟ ತೋಟದ ಆಳು, "ಬಾಳ ನಿಯತ್ತಿನ ನಾಯಿ ಸ್ವಾಮಿ. ಒಂದು ಕಾಯಿ ಆಚೆ ಹೋಗಾಕೆ ಬಿಡಾಕಿಲ್ಲ" ಎಂದ. ನಾವದನ್ನು ಹೊಗಳಿಕೆ ಎಂದುಕೊಂಡೆವೇ ಹೊರತು ಎಚ್ಚರಿಕೆ ಎಂದು ತಿಳಿಯಲಿಲ್ಲ.

ತೋಟದಲ್ಲಿ ಅದು ಕಲಿತದ್ದು ಒಂದೇ ಪಾಠ. ಯಾರು ಬೇಕಾದರೂ ಬರಲಿ, ಬರಿಗೈಯಲ್ಲಿ ಹೋದರೆ ಹೋಗಲಿ, ಕೈಯಲ್ಲಿ ಏನಾದರೂ ಇದ್ದರೆ ಹಿಡಿ. ತಮ್ಮನ ಜೊತೆ ಆಡಲು ಬಂದ ಹುಡುಗ ತನ್ನದೇ ಬುಗುರಿ ಹಿಡಿದು ಹೊರಟರೂ ಅವನ ಚಡ್ಡಿ ಇದರ ಬಾಯಲ್ಲಿ. ಬೀದಿಯ ಅಮ್ಮಂದಿರು ಹರಿದ ಚಡ್ಡಿ ಹಿಡಿದುಕೊಂಡು ಜಗಳಕ್ಕೆ ಬಂದರೆ, ವಾಪಸು ಹೋಗುವಾಗ ಆ ಚಡ್ಡಿಯನ್ನೂ ಬಿಟ್ಟು ಹೋಗಬೇಕು! ಅದರ ಹಲ್ಲಿನ ರುಚಿ ನನಗೂ ತಪ್ಪಲಿಲ್ಲ. ಅದು ಅನ್ನ ತಿನ್ನುವಾಗ ಹತ್ತಿರ ಹೋದೆನೆಂದು ನನ್ನ ಮೊಣಕೈಗೆ ಹಲ್ಲು ತಾಗಿಸಿತು. ನಾನೇನು ಕಡಿಮೆಯೇ, ಬೆನ್ನಿಗೊಂದು ಗುದ್ದು ಕೊಟ್ಟೆ. ಅಂದಿನಿಂದ ನಾವಿಬ್ಬರೂ ಸ್ನೇಹಿತರು. ಅದು ಉಣ್ಣುವಾಗ ನಾನು ಹತ್ತಿರ ಹೋಗುತ್ತಿರಲಿಲ್ಲ, ನಾನು ಉಣ್ಣುವಾಗ ಅದು ಬರುತ್ತಿರಲಿಲ್ಲ. ಅಷ್ಟು ಮರ್ಯಾದೆ ನನ್ನ ತಮ್ಮನಿಗೂ ಇರಲಿಲ್ಲ. ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಅಜ್ಜಿ "ಶನಿ" ಎಂದು ಬೈಯುತ್ತಿದ್ದಳು, ಅದು ಬಾಲ ಅಲ್ಲಾಡಿಸಿಕೊಂಡು ಬರುತ್ತಿತ್ತು.

ನವರಾತ್ರಿ ಬಂತು. ಅಮ್ಮ ಇಲ್ಲದಿದ್ದರೂ ನಾನು ಹಟ ಹಿಡಿದು ಗೊಂಬೆ ಕೂರಿಸಿದೆ. ಸಂಜೆ ಬೀದಿಯ ಮಕ್ಕಳೆಲ್ಲ ಗೊಂಬೆ ನೋಡಲು ಬಂದರು. ಬಂದ ಮಕ್ಕಳಿಗೆ ತಿಂಡಿ ಹಂಚುವುದು ಪದ್ಧತಿಯಲ್ಲವೇ? ಎಲ್ಲರ ಕೈಗೂ ಚಕ್ಕುಲಿ, ಕೊಬ್ಬರಿ ಮಿಠಾಯಿ ಕೊಟ್ಟೆ. ತಗೋ, ಒಂದು ಮಗುವೂ ಹೊಸಿಲು ದಾಟುವಂತಿಲ್ಲ. ಮೆಟ್ಟಿಲ ಕೆಳಗೆ ಶನಿ ಹಲ್ಲು ಕಿರಿದು ನಿಂತಿದೆ. ಜಾಣ ಮಕ್ಕಳು ಅಲ್ಲೇ ತಿಂದು ಮುಗಿಸಿ, ಲಂಗಕ್ಕೆ ಕೈ ಒರೆಸಿಕೊಂಡು ಹೋದವು. ಒಂದು ಪುಟ್ಟ ಹುಡುಗಿ ಮಾತ್ರ, ಮಿಠಾಯಿಯನ್ನು ತನ್ನ ಅಜ್ಜಿಗೆ ಕೊಡಬೇಕು ಎಂದು ಒಂದೇ ಸಮನೆ ಅಳು. ನೋಡುವಷ್ಟು ನೋಡಿ ನಾನು ಅವಳ ಕೈ ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋದೆ. ಶನಿ ಗುರ್ ಎನ್ನಲಿಲ್ಲ, ಪಕ್ಕಕ್ಕೆ ಸರಿಯಿತು.

ಗುಟ್ಟು ಸಿಕ್ಕಿತು. ಮನೆಯವರು ಕೈ ಹಿಡಿದು ಕಳಿಸಿದರೆ ಅದು ಕಳ್ಳತನವಲ್ಲ. ಅಂದಿನಿಂದ ತಾಂಬೂಲ ತೆಗೆದುಕೊಂಡ ಹೆಂಗಸರನ್ನು, ಅಪ್ಪನ ಕಚೇರಿಯ ಜವಾನನನ್ನು, ಕೊನೆಗೆ ಬುಗುರಿಯ ಹುಡುಗರನ್ನೂ ನಾನೇ ಗೇಟಿನವರೆಗೆ ಕಳಿಸಿ ಬರತೊಡಗಿದೆ. ಊರಿನಲ್ಲಿ ನಮ್ಮ ಮನೆಗೆ ಎಲ್ಲಿಲ್ಲದ ಕೀರ್ತಿ. "ಏನು ಸಂಸ್ಕಾರ ಕಣ್ರೀ ಆ ಹುಡುಗೀದು, ಕೈ ಹಿಡ್ಕೊಂಡು ಗೇಟಿನ ತನಕ ಬರ್ತಾಳೆ" ಎಂದು ಹೆಂಗಸರು ಹೇಳುವುದನ್ನು ಕೇಳಿ ನಾನು ಒಳಗೊಳಗೇ ನಕ್ಕೆ.

ಸಂಕ್ರಾಂತಿ ಕಳೆದ ಮೇಲೆ ಅಮ್ಮ ಮಗುವನ್ನು ಎತ್ತಿಕೊಂಡು ಬರುತ್ತಾಳೆಂದು ಗೊತ್ತಾಯಿತು. ಅಜ್ಜಿ ಅಪ್ಪನಿಗೆ, "ಹಳೇಬೀಡಿನೋಳು ಬರೋ ಹೊತ್ತಿಗೆ ಇದನ್ನ ಸಾಗಹಾಕು. ಎಳೇ ಕೂಸಿರೋ ಮನೇಲಿ ಕಚ್ಚೋ ನಾಯಿ ಇರಕೂಡದು" ಎಂದಳು. ಮದುವೆಯಾಗಿ ಅಷ್ಟು ವರ್ಷವಾದರೂ ಅಜ್ಜಿಯ ಬಾಯಲ್ಲಿ ಅಮ್ಮ ಹಳೇಬೀಡಿನೋಳೇ. ನಾನು ಅತ್ತೆ, ಊಟ ಬಿಟ್ಟೆ. ನನಗೆ ಮಗುವೂ ಬೇಕು, ನಾಯಿಯೂ ಬೇಕು. ಅಪ್ಪ ಸೋತು, "ಸರಿ, ಇರಲಿ. ಮಗು ಮೇಲೆ ಒಂದು ಸಲ ಗುರ್ ಅಂದ್ರೂ ಅವತ್ತೇ ಗಂಡಸಿ ಗಾಡಿ ಹತ್ತಿಸ್ತೀನಿ" ಎಂದರು.

ಅಮ್ಮ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಬಂದಳು. ಒಳಗೆ ಬರುವವರ ತಂಟೆ ಶನಿಗೇಕೆ? ಸೆರಗು ಮೂಸಿ ಸುಮ್ಮನಾಯಿತು.

ಒಂದು ಬೆಳಿಗ್ಗೆ ಎದುರು ಮನೆಯ ಮುದುಕಿಗೆ ಮಗು ತೋರಿಸಿ ಬರೋಣವೆಂದು ಅಮ್ಮ ಹೊರಟಳು. ಮೆಟ್ಟಿಲಿಳಿದಳೋ ಇಲ್ಲವೋ, ಶನಿ ದಾರಿಗೆ ಅಡ್ಡ ನಿಂತು ಹಲ್ಲು ಕಿರಿಯಿತು. ಅದು ಅಮ್ಮನನ್ನು ಕಂಡು ವಾರವೂ ಆಗಿರಲಿಲ್ಲ. ಯಾರೋ ಹೆಂಗಸು ಮನೆಯ ಕೂಸನ್ನು ಹೊತ್ತುಕೊಂಡು ಹೋಗುತ್ತಿದ್ದಾಳೆ, ಅದರ ಲೆಕ್ಕ ಇಷ್ಟೇ. ಕಚೇರಿಗೆ ಹೊರಟಿದ್ದ ಅಪ್ಪ ಕೊಡೆ ಎತ್ತಿ, "ಮುಗೀತು. ಇವತ್ತೇ ಗಾಡಿ" ಎಂದರು. ನಾನು ಓಡಿ ಹೋಗಿ ಅಮ್ಮನ ಕೈ ಹಿಡಿದೆ. ಊಹೂಂ, ಅದು ಜಗ್ಗಲಿಲ್ಲ. ತೆಂಗಿನಕಾಯಿಗಾದರೆ ನನ್ನ ಮಾತು ಸಾಕು, ಕೂಸಿಗೆ ಸಾಲದು.

ಆಗ ಅಡಿಗೆಮನೆಯಿಂದ ಅಜ್ಜಿ ಬಂದಳು. ಮಡಿ ಸೀರೆ, ದೇವರ ನೈವೇದ್ಯ ಇನ್ನೂ ಆಗಿಲ್ಲ. ಮಡಿಯಲ್ಲಿದ್ದಾಗ ನಮ್ಮ ನೆರಳು ಸೋಕಿದರೂ ಕಿರುಚುತ್ತಿದ್ದವಳು ನೆಟ್ಟಗೆ ಮೆಟ್ಟಿಲಿಳಿದು ಅಮ್ಮನ ತೋಳು ಹಿಡಿದಳು. ಶನಿಯ ಕಡೆ ತಿರುಗಿ, "ಏಯ್, ಕಣ್ಣು ಬಿಟ್ಟು ನೋಡು. ಇವಳು ಆಚೆಯೋಳಲ್ಲ. ಈ ಮನೇನೇ ಇವಳದು. ನಾನಿರೋದೂ ಇವಳ ಮನೇಲೇ" ಎಂದು ಗದರಿದಳು.

ಶನಿ ಬಾಯಿ ಮುಚ್ಚಿ ಪಕ್ಕಕ್ಕೆ ಸರಿಯಿತು. ಅಜ್ಜಿ ಅಮ್ಮನನ್ನು ಗೇಟಿನವರೆಗೆ ನಡೆಸಿ, "ಥೂ, ಮತ್ತೆ ಸ್ನಾನ ಮಾಡ್ಬೇಕು" ಎಂದು ಗೊಣಗುತ್ತ ಬಾವಿಯ ಕಡೆ ಹೋದಳು. ಅಮ್ಮ ಎದುರು ಮನೆಗೆ ಹೋಗಲೇ ಇಲ್ಲ. ಗೇಟು ಹಿಡಿದು ನಿಂತು, ಅಳುತ್ತ ನಗುತ್ತ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕೊಡೆ ಎತ್ತಿಕೊಂಡೇ ನಿಂತಿದ್ದ ಅಪ್ಪನಿಗೆ, "ನಾಯಿ ಎಲ್ಲಿಗೂ ಹೋಗೋದು ಬೇಡ ರೀ, ಇಲ್ಲೇ ಇರಲಿ" ಎಂದಳು.

ಆ ಮನೆಯಲ್ಲಿ ಅಮ್ಮ ಕೊಟ್ಟ ಮೊದಲ ಅಪ್ಪಣೆ ಅದು. ಬಾವಿಕಟ್ಟೆಯಿಂದ ಅಜ್ಜಿ, "ಅವಳು ಹೇಳಿದ ಮೇಲೆ ಆಯ್ತು ಬಿಡೋ" ಎಂದು ಕೂಗಿ ಹೇಳಿದಳು.