ಗೋಡೆಯಾಚೆಯ ಆಪಾ ಮತ್ತು ಕರೆಂಟು ಬಿಲ್ಲು

ಗುಂ ಎಂಬ ಸದ್ದು, ನಡುನಡುವೆ ಒಂದು ಪುಸ್. ಯಲಹಂಕದ ನಮ್ಮ ಮನೆಗೂ ಪಕ್ಕದ ಮನೆಗೂ ಇರುವುದು ಒಂದೇ ಗೋಡೆ. ಅದರಾಚೆ, ಉಸಿರಾಟದ ಕಾಯಿಲೆಯಿಂದ ಹಾಸಿಗೆ ಹಿಡಿದ ಸಾಹೇಬರ ಆಕ್ಸಿಜನ್ ಮಷಿನ್ ಹಗಲೂ ರಾತ್ರಿ ಹಾಗೆ ಉಸಿರಾಡುತ್ತಿತ್ತು. ಅದರ ಕಾವಲಿಗೆ ಅವರ ಹೆಂಡತಿ. ನಾನು ಆಕೆಯನ್ನು ಉರ್ದುವಿನಲ್ಲಿ ಅಕ್ಕ, ಅಂದರೆ ಆಪಾ, ಎನ್ನುತ್ತಿದ್ದೆ; ಆಕೆ ನನ್ನನ್ನು ಕನ್ನಡದಲ್ಲೇ ಅಕ್ಕಾ. ಇಬ್ಬರಲ್ಲಿ ಯಾರೂ ದೊಡ್ಡವರಾಗಲು ಒಪ್ಪಲಿಲ್ಲ.

ಉಚಿತ ಕರೆಂಟಿನ ಮಿತಿ ಆ ಮಷಿನ್ನಿಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಮಿತಿ ದಾಟಿದರೆ ಇಡೀ ಬಿಲ್ಲು, ಅದರ ಮೇಲೆ ಕರೆಂಟು ಕಂಪನಿ ದುಬಾರಿಗೆ ಕೊಂಡ ಕರೆಂಟಿನ ಹೊರೆ. ಆಪಾ ಮೊದಲು ಫ್ರಿಜ್ ಆರಿಸಿದರು. ಹಾಲಿನ ಪಾತ್ರೆ ನಮ್ಮ ಫ್ರಿಜ್ಜಿಗೆ ಬಂತು. ಹಾಲು ಮಾತ್ರ; ನಾವು ಮುಟ್ಟುವವರಲ್ಲವೆಂದು ಮಾಂಸವನ್ನು ಒಂದು ದಿನವೂ ತರಲಿಲ್ಲ. ಆಮೇಲೆ, ಏಪ್ರಿಲ್ ಸೆಕೆಯಲ್ಲಿ, ತಮ್ಮ ಫ್ಯಾನನ್ನೂ ಆರಿಸಿದರು.

ಒಂದು ಸಂಜೆ ನಮ್ಮ ಟೀವಿಯಲ್ಲಿ ವಿಂಡ್‌ಫಾಲ್ ಟ್ಯಾಕ್ಸ್ ಸುದ್ದಿ. ಹೊರದೇಶಗಳಲ್ಲಿ ಬೆಲೆ ಏರಿ, ಕರೆಂಟು ತಯಾರಿಸುವವರಿಗೆ ಅನಾಯಾಸ ಲಾಭ ಬಂದಾಗ ಅಲ್ಲಿನ ಸರ್ಕಾರಗಳು ಅದರ ಮೇಲೆ ತೆರಿಗೆ ಹಾಕಿದವಂತೆ.

"ಇಲ್ಲೂ ಹಾಕಿದ್ರೆ ನಮ್ ಬಿಲ್ ಇಳಿಯುತ್ತಾ ಅಕ್ಕಾ?" ಎಂದರು ಹಾಲು ಒಯ್ಯಲು ಬಂದಿದ್ದ ಆಪಾ.

ತಾನಾಗಿ ಇಳಿಯದು, ದುಡ್ಡು ಮೊದಲು ಖಜಾನೆಗೆ ಹೋಗುತ್ತದೆ, ಅಲ್ಲಿಂದ ಮನೆಗಳಿಗೆ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಕಾನ್ವೆಂಟ್ ಗತ್ತಿನಲ್ಲಿ ವಿವರಿಸಿದೆ.

"ಅಷ್ಟೊತ್ತು ಇವರು ಉಸಿರು ಹಿಡ್ಕೊಂಡು ಕೂತಿರ್ಬೇಕಾ?" ಎಂದರು ಆಪಾ, ನಗುತ್ತಲೇ.

ಆ ನಗು ನನಗೆ ಹೆದರಿಕೆ ಹುಟ್ಟಿಸಿತು. ಗೋಡೆಗೆ ಕಿವಿಗೊಡುವುದೇ ಹ್ಯಾಬಿಟ್ ಆಯಿತು. ಒಂದು ಮಧ್ಯಾಹ್ನ ಸದ್ದಿಲ್ಲ. ಕರೆಂಟು ಹೋಗಿಲ್ಲ, ನನ್ನ ಫ್ಯಾನು ತಿರುಗುತ್ತಿದೆ. ಓಡಿದೆ. ಮಲಗಿರುವ ಮನುಷ್ಯನಿಗೆ ಅಷ್ಟು ಗಾಳಿ ಬೇಡವೆಂದುಕೊಂಡು ಆಪಾ ಸ್ವಿಚ್ ಆರಿಸಿ, ಪಕ್ಕದಲ್ಲೇ ಜಪಮಾಲೆ ಎಣಿಸುತ್ತಾ ಕೂತಿದ್ದರು. ಸಾಹೇಬರ ತುಟಿ ನೀಲಿಗಟ್ಟಿತ್ತು. ನಾನು ಸ್ವಿಚ್ ಹಾಕಿದೆ. ಬಣ್ಣ ಮರಳುವವರೆಗೂ ಇಬ್ಬರೂ ಆ ತುಟಿಯನ್ನೇ ಕಾದೆವು.

ಮರುದಿನದಿಂದ ಸಾಹೇಬರೂ ಮಷಿನ್ನೂ ಹಗಲೆಲ್ಲ ನಮ್ಮ ಹಾಲ್‌ನಲ್ಲಿ, ನನ್ನ ಮೀಟರಿನ ಲೆಕ್ಕದಲ್ಲಿ. ನನ್ನ ಬಿಲ್ಲು ಬರುವವರೆಗೆ ಆಪಾ ಸಹಿಸಿದರು. ಅದನ್ನು ನೋಡಿದವರೇ, "ನಿಮ್ ಮೀಟರಿಗೆ ಇವರ ಮೂಗು ಕಟ್ಟಿ ಎಷ್ಟು ದಿನ ಅಕ್ಕಾ? ಮಗಳ ಮನೇಲಿ ದುಡಿಯೋರು ಮೂರು ಜನ ಇದಾರೆ" ಎಂದರು. ನನ್ನ ಯಾವ ಆರ್ಗ್ಯುಮೆಂಟೂ ನಡೆಯಲಿಲ್ಲ.

ಮಗಳಿರುವ ಬಾಗಲೂರಿಗೆ ಹೊರಟ ಆ ಬೆಳಿಗ್ಗೆಯೇ ಆಪಾರನ್ನು ನಾನು ಕೊನೆಯ ಸಲ ನೋಡಿದ್ದು. ದಾರಿಯಲ್ಲಿ ಮಷಿನ್ನಿಗೆ ಕರೆಂಟಿಲ್ಲ. ಬಾಡಿಗೆಗೆ ತಂದ ಸಣ್ಣ ಸಿಲಿಂಡರ್ ಒಂದೇ ಗತಿ. ವ್ಯಾನ್ ಹೊರಟಾಗ ಕೈ ಬೀಸಿದೆ. ಅವರ ಒಂದು ಕೈ ಸಿಲಿಂಡರನ್ನು ಹಿಡಿದಿತ್ತು, ಇನ್ನೊಂದು ಸಾಹೇಬರ ಎದೆಯ ಮೇಲಿತ್ತು. ನನಗೆ ಬೀಸಲು ಕೈ ಉಳಿದಿರಲಿಲ್ಲ. ತಲೆಯೆತ್ತಿ ನೋಡಲೂ ಇಲ್ಲ; ಕಣ್ಣು, ಇನ್ನೆಷ್ಟು ಗಾಳಿ ಉಳಿದಿದೆಯೆಂದು ತೋರುವ ಸಿಲಿಂಡರಿನ ಮುಳ್ಳಿನ ಮೇಲೆಯೇ ಇತ್ತು.