ಗೋದಲಿಗೆ ರಾಗಿ ಬಿತ್ತಿದ ಮುನಿಗಂಗಮ್ಮ

ತಣಿಸಂದ್ರದ ಮುನಿಗಂಗಮ್ಮನಿಗೆ ಮೊಂಡುತನ ಜಾಸ್ತಿ ಅನ್ನುವವರೇ ಹೆಚ್ಚು. ಅನ್ನಲಿ. ನಾನು ಕಂಡ ಹೆಂಗಸರಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದವಳು ಆಕೆಯೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ಆಕೆ ನಮ್ಮ ಚರ್ಚಿನವಳಲ್ಲ, ಮುನೇಶ್ವರನ ಒಕ್ಕಲು. ಆದರೂ ಪ್ರತಿವರ್ಷ ಡಿಸೆಂಬರ್ ಹದಿಮೂರಕ್ಕೆ ಸರಿಯಾಗಿ ಏಳು ಬುಟ್ಟಿಗಳಿಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ರಾಗಿ ಚೆಲ್ಲುತ್ತಿದ್ದಳು. ಬೇಗ ಚೆಲ್ಲಿದರೆ ಪೈರು ಉದ್ದವಾಗಿ ಒರಗಿಬಿಡುತ್ತದೆ, ತಡವಾದರೆ ಮಣ್ಣು ಕಾಣುತ್ತದೆ. ಕ್ರಿಸ್ತಜಯಂತಿಯ ಹಿಂದಿನ ದಿನ ಆ ಹಸಿರು ಬುಟ್ಟಿಗಳು ಚರ್ಚಿನ ಅಂಗಳಕ್ಕೆ ಬರುತ್ತಿದ್ದವು. ಅಲ್ಲಿ ಕಟ್ಟುವ ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯಲ್ಲಿ, ಮರಿಯಮ್ಮ, ಜೋಸೆಫರು, ದನ ಕುರಿಗಳ ಬೊಂಬೆಗಳ ಸುತ್ತ ಆಕೆಯೇ ಕೂತು ಜೋಡಿಸುತ್ತಿದ್ದಳು.

ಇದು ಶುರುವಾದದ್ದು ನಮ್ಮಪ್ಪನಿಂದ. ಅಪ್ಪ ಚರ್ಚಿನ ಉಪದೇಶಿ. ಹಬ್ಬದ ಒಂದೊಂದು ಆಚಾರಕ್ಕೂ ಅರ್ಥ ಹೇಳುವುದು ಅವರ ಚಟ. ಹಾಲು ಹಾಕಲು ಬಂದ ಮುನಿಗಂಗಮ್ಮ ಜಗಲಿಯ ಮೇಲೆ ಕೂತು ಕೇಳುತ್ತಿದ್ದಳು. ಸಂತ ಫ್ರಾನ್ಸಿಸರು ಮೊದಲ ಗೋದಲಿ ಮಾಡಿದಾಗ ನಿಜವಾದ ದನವನ್ನೇ ಕಟ್ಟಿದ್ದರಂತೆ. ಮನೆಮನೆಗೆ ನಕ್ಷತ್ರ ತೂಗುಹಾಕುವುದು ಬಾಲಯೇಸುವನ್ನು ಹುಡುಕಿ ಬಂದ ಜ್ಞಾನಿಗಳಿಗೆ ಅದು ದಾರಿ ತೋರಿದ ನೆನಪಿಗಂತೆ. ಬೆತ್ಲೆಹೇಮ್ ಅನ್ನೋ ಹೆಸರಿಗೆ ರೊಟ್ಟಿಯ ಮನೆ ಅಂತ ಅರ್ಥವಂತೆ. ಈ ಕೊನೆಯದನ್ನು ಕೇಳಿದ್ದೇ ಆಕೆ ಎದ್ದು ನಿಂತಳು.

"ಅಂಗಾರೆ ಅಲ್ಲಿ ರಾಗಿ ಇರ್ಬೇಕಲ್ವಾ ಸ್ವಾಮಿ? ನಮ್ಗೆ ರೊಟ್ಟಿ ಅಂದ್ರೆ ರಾಗೀದೇ."

ಅಪ್ಪ ಬಿದ್ದು ಬಿದ್ದು ನಕ್ಕರು. "ತಗೊಂಡ್ ಬಾಮ್ಮ" ಅಂದರು. ಅಲ್ಲಿಂದ ಇಪ್ಪತ್ತೆಂಟು ವರ್ಷ ಒಂದು ಸಲವೂ ತಪ್ಪಲಿಲ್ಲ. ಹೊಲವಿದ್ದ ಕಡೆ ಅಪಾರ್ಟ್‌ಮೆಂಟ್ ಎದ್ದ ಮೇಲೂ, ಅಪ್ಪ ತೀರಿಕೊಂಡ ಮೇಲೂ ಬುಟ್ಟಿ ಬರುತ್ತಲೇ ಇತ್ತು.

೨೦೧೪ರಲ್ಲಿ ಹೊಸ ಸಮಿತಿ ಬಂತು. ಸೆಕ್ರೆಟರಿ ಭಾರಿ ಶಿಸ್ತಿನ ಮನುಷ್ಯ. ಪ್ಲಾಸ್ಟಿಕ್ ಹುಲ್ಲು ತಂದುಬಿಟ್ಟರೆ ಮಣ್ಣಿಲ್ಲ, ಸೊಳ್ಳೆಯಿಲ್ಲ, ಹತ್ತು ವರ್ಷ ಚಿಂತೆಯಿಲ್ಲ ಅಂದರು. ಎಲ್ಲರೂ ಕೈ ಎತ್ತಿದರು. ಸಮಿತಿಯಲ್ಲಿದ್ದ ನಾನೂ ಎತ್ತಿದೆ. ಆ ಕೈಯನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಡಿಸೆಂಬರ್ ಇಪ್ಪತ್ನಾಲ್ಕರ ಮಧ್ಯಾಹ್ನ ಮುನಿಗಂಗಮ್ಮ ಆಟೋದಲ್ಲಿ ಬುಟ್ಟಿ ತಂದಳು. ಸೆಕ್ರೆಟರಿ ಗೋದಲಿಗೆ ಅಡ್ಡ ನಿಂತರು.

"ಈ ಸಲ ಬೇಡಮ್ಮ. ಇದು ನಮ್ಮ ಹಬ್ಬ. ಇದರ ಅರ್ಥ ನಿಮಗೆ ಹೇಗೆ ಗೊತ್ತಾಗ್ಬೇಕು?"

"ಅರ್ಥ ಗೊತ್ತಿರೋರು ರೊಟ್ಟಿ ಮನೇಲಿ ಪ್ಲಾಸ್ಟಿಕ್ ಆಸ್ತಾರಾ? ನಾನು ಒಳಗ್ ಬರಾಕಿಲ್ಲ ಬಿಡಿ. ವಾಪಸ್ಸೂ ಓಗಾಕಿಲ್ಲ."

ಎದುರಿಗೇ ಹೊಂಗೆ ಮರದ ಬುಡದಲ್ಲಿ ಏಳೂ ಬುಟ್ಟಿ ಇಟ್ಟು, ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಸೆಕ್ರೆಟರಿ ಎರಡು ಸಲ ಹೋಗಿ ಹೇಳಿದರು, ವಾಚ್‌ಮನ್‌ನನ್ನೂ ಕಳಿಸಿದರು. ಆಕೆ ಜಪ್ಪಯ್ಯ ಅನ್ನಲಿಲ್ಲ.

ಸಂಜೆ ಚರ್ಚಿನೊಳಗೆ ಬಲಿಪೂಜೆ, ಅಂದರೆ ಪಾದ್ರಿಗಳು ನಡೆಸುವ ಹಬ್ಬದ ಆರಾಧನೆ, ಮುಗಿದ ಮೇಲೆ ಬಾಲಯೇಸುವಿನ ಪ್ರತಿಮೆಯನ್ನು ಮೆರವಣಿಗೆಯಲ್ಲಿ ತಂದು ಗೋದಲಿಯಲ್ಲಿ ಮಲಗಿಸುವುದು ನಮ್ಮ ಪದ್ಧತಿ. ಉಪದೇಶಿಯ ಮಗಳು ಅಂತ ಆ ವರ್ಷ ಹೊರುವ ಭಾಗ್ಯ ನನಗೆ ಕೊಟ್ಟಿದ್ದರು. ಅಂಗಳಕ್ಕೆ ಬಂದೆ. ಒಂದು ಕಡೆ ಸೀರಿಯಲ್ ಲೈಟಿಗೆ ಹೊಳೆಯುವ ಪ್ಲಾಸ್ಟಿಕ್ಕು. ಇನ್ನೊಂದು ಕಡೆ ಮಧ್ಯಾಹ್ನದಿಂದ ನೀರೂ ಕುಡಿಯದೆ ಕೂತ ಮುನಿಗಂಗಮ್ಮ. ಏನಾದರಾಗಲಿ ಅಂತ ಸೀದಾ ಮರದ ಕಡೆ ನಡೆದೆ. ನಡುವಿನ ಬುಟ್ಟಿಯ ರಾಗಿ ಪೈರಿನ ಮೇಲೆ ಬಾಲಯೇಸುವನ್ನು ಮಲಗಿಸಿದೆ.

"ಏನ್ರೀ ಇದು! ಯಾರನ್ನ ಕೇಳಿ ಇಟ್ರಿ? ಎತ್ರೀ ಮೊದ್ಲು!" ಸೆಕ್ರೆಟರಿ ಕಿರುಚುತ್ತಾ ಓಡಿಬಂದರು. ಹಾಡು ನಿಂತಿತು.

ಮುನಿಗಂಗಮ್ಮ ಕೂತಲ್ಲಿಂದ ಏಳಲಿಲ್ಲ. ಸೆರಗಿನ ತುದಿಯನ್ನು ಪ್ರತಿಮೆಗೆ ಹೊದಿಸಿ, ಸೆಕ್ರೆಟರಿಯ ಮುಖವನ್ನೇ ನೋಡಿದಳು.

"ಮೆತ್ತಗ್ ಮಾತಾಡಿ. ಕೂಸು ಮಲ್ಗೈತೆ."