ಗೋಡೆಯ ಹಿಂದಿನ ಗೋಲು

ಚೆಂಡು ನಿನ್ನ ಕೈಯಿಂದ ಜಾರಿತೋ ಇಲ್ಲವೋ ನನಗೆ ಗೊತ್ತಿಲ್ಲ, ಶರಣಪ್ಪ. ಇಷ್ಟು ಸಣ್ಣ ಮಾತು ಹೇಳಲು ನನಗೆ ಏಳು ವರ್ಷ ಹಿಡಿಯಿತು. ಅಂದು ಕ್ಲಬ್ಬಿನ ಸಭೆಯಲ್ಲಿ, ನಲವತ್ತು ಜನರ ಎದುರಿಗೆ, ನಾನು ಹೇಳಿದ್ದು ಬೇರೆ — "ಜಾರಿತು. ನಾ ಕಣ್ಣಾರೆ ನೋಡೀನಿ." ಆ ಮಾತಿನ ಮೇಲೆ ನಿನ್ನನ್ನು ತಂಡದಿಂದ ಕೈಬಿಟ್ಟರು. ನೋಡಿದೆನೋ ಇಲ್ಲವೋ ಎಂಬುದು ಆಗಲೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಗೊತ್ತಿತ್ತು — ಅದನ್ನೇ ನಾನು ಮುಚ್ಚಿಟ್ಟದ್ದು.

ಚಿತ್ರವೊಂದಿದೆ ನನ್ನ ತಲೆಯಲ್ಲಿ. ಇವತ್ತಿಗೂ ಇದೆ. ಎಡಗಡೆಯಿಂದ ನೆಲಮಟ್ಟದಲ್ಲಿ ಬಂದ ಚೆಂಡು, ಮೊಣಕಾಲೂರಿದ ನೀನು, ಎದೆಗವಚಿಕೊಳ್ಳುವಷ್ಟರಲ್ಲಿ ಒದ್ದೆ ಸಾಬೂನಿನ ಹಾಗೆ ಅದು ತೋಳಿನಡಿಯಿಂದ ಹೊರಳಿ ಗೆರೆ ದಾಟುವುದು. ಎಷ್ಟು ಸ್ಪಷ್ಟ ಎಂದರೆ ನಿನ್ನ ಕೈಗವಸಿನ ಹರಿದ ಹೆಬ್ಬೆರಳು ಕೂಡ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿರುವುದೇ ಈಗ ನನ್ನ ಅನುಮಾನ. ನೂರು ಗಜ ದೂರದಿಂದ ಯಾರಿಗೆ ತಾನೆ ಹೆಬ್ಬೆರಳು ಕಾಣುತ್ತದೆ?

ನಾನು ಯಾರೆಂದು ನಿನಗೆ ಗೊತ್ತು. ಆದರೆ ಇದನ್ನು ನಿನ್ನೊಬ್ಬನಿಗಲ್ಲದೆ ಬೇರೆಯವರಿಗೂ ಓದಿ ಹೇಳಬೇಕಾಗಿದೆ, ಅದಕ್ಕೆ ಬರೆಯುತ್ತೇನೆ. ಬೀದರ ಕಡೆಯಿಂದ ಬಂದು ಸಿಕಂದರಾಬಾದಿನಾಚೆಯ ಕುಷಾಯಿಗೂಡದ ಕಾರ್ಖಾನೆ ಸೇರಿದವರ ಮಗ. ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದೆ, ಈಗ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಪ್ರತಿವರ್ಷ ಮೊದಲ ದಿನ ಕರಿಹಲಗೆಯ ಮೇಲೆ ಬರೆಯುವ ಗಾದೆ — ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ನಿನ್ನ ವಿಷಯದಲ್ಲಿ ನಾನು ಕಂಡೆನೋ ಇಲ್ಲವೋ, ಪ್ರಮಾಣಿಸಲಂತೂ ಇಲ್ಲ.

ಆ ದಿನಗಳು ಚೆನ್ನಾಗಿದ್ದವು, ಅದನ್ನೂ ಹೇಳಬೇಕು. ನಮ್ಮದು ಸಣ್ಣ ಕ್ಲಬ್ಬು, ನಗರದ ಲೀಗಿನಲ್ಲಿ ಕೆಳಗಿನ ಮೆಟ್ಟಿಲೊಂದರಲ್ಲಿತ್ತು. ಭಾನುವಾರ ಆಟವಿದ್ದರೆ ಕಾರ್ಖಾನೆಯಿಂದ ನಿವೃತ್ತರಾದ ಬಾಬುರಾವ್ ಹಲಗೆ ಬಾರಿಸುತ್ತ ಮುಂದೆ, ನಾವು ಇಪ್ಪತ್ತು ಮೂವತ್ತು ಜನ ಹಿಂದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ರೆಫರಿಯನ್ನು ಬೈಯುವುದಕ್ಕೆ ಉರ್ದು. ನಮ್ಮದೊಂದು ಪದ್ಧತಿಯಿತ್ತು: ನಮ್ಮವರು ಯಾವ ಗೋಲಿಗೆ ಹೊಡೆಯುತ್ತಾರೋ ಅದರ ಹಿಂದೆಯೇ ನಾವು ಕೂಡುವುದು; ನಮ್ಮ ಕೀಪರ್ ಯಾವಾಗಲೂ ಮೈದಾನದ ಆ ತುದಿಯಲ್ಲಿ. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸಿದಾಗ ನಾವೂ ಬದಲಿಸುವುದು. ಆದರೆ ಎರಡನೇ ಅರ್ಧ ಶುರುವಾಗುವ ಸೀಟಿ ಊದುವವರೆಗೆ ಒಬ್ಬರೂ ಏಳಕೂಡದು — ಒಮ್ಮೆ ಮೊದಲೇ ಎದ್ದು ಹೋಗಿದ್ದಕ್ಕೆ ಮೂರು ಗೋಲು ತಿಂದಿದ್ದೆವು, ಅಂದಿನಿಂದ ಅದು ಬಾಬುರಾವ್ ಅವರ ಕಟ್ಟಪ್ಪಣೆ. ಸೀಟಿ ಕೇಳಿದ ಮೇಲೆ ಹಲಗೆ ಬಾರಿಸುತ್ತ ಒಂದು ಬಾಗಿಲಿಂದ ಹೊರಬಿದ್ದು, ಮೈದಾನದ ಹಿಂಗೋಡೆಯ ಗುಂಟ ನಡೆದು, ನೀರಿನ ಟಾಕಿ ಸುತ್ತಿ, ಇನ್ನೊಂದು ಬಾಗಿಲಿಂದ ಒಳಗೆ. ಗೋಡೆ ಆಳೆತ್ತರಕ್ಕಿಂತ ಹೆಚ್ಚು. ಒಳಗೆ ಕೂಗೆದ್ದರೆ ನಮ್ಮದೋ ಅವರದೋ ಎಂದು ಕಿವಿಯಲ್ಲೇ ಊಹಿಸುವುದು. ಅದೊಂದು ಮೋಜು ನಮಗೆ.

ನನ್ನ ಕೈಯಲ್ಲಿ ಸದಾ ಒಂದು ವಹಿ. ಯಾರು ಎಷ್ಟು ಪಾಸು ಕೊಟ್ಟರು, ಯಾರು ಚೆಂಡು ಕಳೆದುಕೊಂಡರು, ಗೋಲು ಯಾರ ತಪ್ಪಿನಿಂದ — ಎಲ್ಲ ಬರೆಯುತ್ತಿದ್ದೆ. ಜನ ನನ್ನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ಅರ್ಧ ಗೇಲಿ, ಅರ್ಧ ಮರ್ಯಾದೆ. ಮರ್ಯಾದೆಯ ಅರ್ಧಕ್ಕೆ ನಾನು ಒಲಿದುಬಿಟ್ಟಿದ್ದೆ.

ಆ ವರ್ಷ ಕೊನೆಯ ಆಟವನ್ನು ಎರಡು–ಒಂದರಲ್ಲಿ ಸೋತು ಮೇಲಿನ ಡಿವಿಜನ್‌ಗೆ ಏರುವ ಅವಕಾಶ ಕಳೆದುಕೊಂಡೆವು. ಮುಂದಿನ ಭಾನುವಾರ ಬೆಳಿಗ್ಗೆ ಸಭೆ. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು, ಹೊರಗಿನಿಂದ ಯಾರನ್ನು ತರುವುದು — ಟ್ರಾನ್ಸ್‌ಫರ್ ಗಡುವಿಗೆ ಮುಂಚೆ ಬೆಂಬಲಿಗರನ್ನೂ ಕೇಳಿಯೇ ತೀರ್ಮಾನಿಸುವುದು ನಮ್ಮ ಕ್ಲಬ್ಬಿನ ರೂಢಿ. ಕಾರ್ಯದರ್ಶಿ ಸಲೀಂ ಸಾಹೇಬರು ಕಾಗದ ಹಿಡಿದು ನಿಂತಿದ್ದರು.

"ಮುಂದ ಆಡೋರು ಇಬ್ಬರು ಬೇಕು, ನಡುವ ಒಬ್ಬ ಬೇಕು, ಅದೆಲ್ಲಾ ಆತು ಭಾಯಿ. ಕೀಪರ್ ಜಾಗಾ ಒಂದ ಐತಿ. ಸಿಕಂದರಾಬಾದಿನ ಉದ್ದನ ಹುಡುಗ ಬರ್ತೀನಿ ಅಂದಾನ. ತಗೊಂಡ್ರ ಶರಣಪ್ಪನ್ನ ಬಿಡಬೇಕು. ಹೇಳ್ರಿ."

"ವಾಡಿ ಹೈಟ್ ಸರಿಪೋದು ಅನ್ನಾ," ಎಂದು ಹಿಂದಿನಿಂದ ಯಾರೋ ತೆಲುಗಿನಲ್ಲಿ ನಿನ್ನ ಎತ್ತರ ಸಾಲದೆಂದರು.

ಬಾಬುರಾವ್ ತಿರುಗಿದರು. "ಹೈಟ್ ತಗೊಂಡು ಪಂಖಾ ಒರಸ್ತೀಯೇನೋ? ಯಾದಗಿರಿಯಿಂದ ಬಂದ ಹುಡುಗ, ದಿನಾ ಟೈಲ್ಸ್ ಕೂಡಿಸಿ ಸಿಮೆಂಟ್ ಕೈಲೇ ಪ್ರಾಕ್ಟೀಸಿಗೆ ಬರ್ತಾನ. ನಮ್ಮ ಮನಿ ಹುಡುಗನ್ನ ಬಿಡಬ್ಯಾಡ್ರಿ."

"ಸಿಮೆಂಟ್ ಹತ್ತಿದ್ರ ಚೆಂಡ ಅಂಟಕೋಬೇಕಿತ್ತಲ್ರೀ ಕಾಕಾ!" ಎಂದು ಗುಂಪಿನಿಂದ ಇನ್ಯಾರೋ ಕೂಗಿದರು.

ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತ ನೀನೂ ನಕ್ಕೆ. ನಿನ್ನ ನಗು ನನಗೆ ನೆನಪಿದೆ — ಅಥವಾ ಇದೆಯೆಂದು ತಿಳಿದಿದ್ದೇನೆ.

ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಸಲೀಂ ಸಾಹೇಬರು ನನ್ನ ಕಡೆ ನೋಡಿ, "ಪ್ರೊಫೆಸರ್ ಸಾಬ್, ಇಲ್ಲಿ ಬರೇ ಬಾಯಿ ಮಾತು ನಡದೈತಿ. ನಿಮ್ಮ ವಹಿ ಏನಂತೈತಿ? ಎರಡನೇ ಗೋಲು ಇವನ ತಪ್ಪೇನು?" ಎಂದು ಕೇಳಿದರು.

ವಹಿ ತೆರೆದೆ. ಆ ಪುಟದಲ್ಲಿ ನನ್ನ ಅಕ್ಷರದಲ್ಲೇ ಇತ್ತು: ಎರಡನೇ ಗೋಲು, ಕೀಪರ್ ಕೈ ಜಾರಿತು. ಓದಿ ಸುಮ್ಮನಿರಬಹುದಿತ್ತು. ಬಾಬುರಾವ್ ಬಿಡಲಿಲ್ಲ — "ಬರದದ್ದ ಇರ್ಲಿ. ನೀವು ನೋಡೀರೇನ್ರೀ?"

ಒಂದು ಕ್ಷಣ — ಅಷ್ಟೇ — ಒಳಗೇನೋ ತಡೆಯಿತು. ಆದರೆ ಸಿಕಂದರಾಬಾದಿನ ಹುಡುಗನೇ ಬೇಕೆಂದು ಮೂರು ತಿಂಗಳಿಂದ ವಾದಿಸುತ್ತಿದ್ದವನು ನಾನು. ನನಗೆ ನಿಜ ಬೇಕಾಗಿರಲಿಲ್ಲ. ಗೆಲ್ಲಬೇಕಾಗಿತ್ತು.

"ನಾ ಕಣ್ಣಾರೆ ನೋಡೀನಿ."

ನೀನು ಕೇಳಿದ್ದು ಒಂದೇ ಮಾತು: "ಹೌದೇನ್ರೀ ಸರ?" ನಾನು ವಹಿ ಎತ್ತಿ ತೋರಿಸಿದೆ. ನೀನು ನಿನ್ನ ಅಂಗೈಗಳನ್ನು ನೋಡಿಕೊಂಡೆ. ಆಮೇಲೆ ಜನ ಕೈಯೆತ್ತಿದರು. ಬಿಡಬೇಕೆನ್ನುವವರ ಕೈಗಳು ಐದು ಹೆಚ್ಚಾದವು.

ಆ ಉದ್ದನೆಯ ಹುಡುಗ ಒಂದೇ ವರ್ಷ ಆಡಿ ಬೇರೆ ಕ್ಲಬ್ಬಿಗೆ ಹೋದ. ನೀನು ಇನ್ನೆರಡು ಕ್ಲಬ್ಬುಗಳ ಬಾಗಿಲಿಗೆ ಹೋದೆಯಂತೆ. ನಿನಗಿಂತ ಮೊದಲು ನಿನ್ನ ಹೊಸ ಹೆಸರು ಅಲ್ಲಿಗೆ ಹೋಗಿತ್ತು — ಕೈಜಾರ ಶರಣಪ್ಪ. ಆ ಹೆಸರು ಇಟ್ಟವನು ನಾನಲ್ಲ. ಆದರೆ ಅದು ಹುಟ್ಟಿದ್ದು ನನ್ನ ಬಾಯಲ್ಲಿ. ಇಪ್ಪತ್ತನಾಲ್ಕಕ್ಕೆ ನಿನ್ನ ಆಟ ಮುಗಿಯಿತು.

ಇದೆಲ್ಲ ಹಳೆಯದಾಯಿತು ಎಂದುಕೊಂಡಿದ್ದೆ. ಈ ವರ್ಷ ಕ್ಲಬ್ಬು ಇನ್ನೊಂದು ಮೆಟ್ಟಿಲು ಕೆಳಗೆ ಬಿತ್ತು. ಸಲೀಂ ಸಾಹೇಬರು, ಈಗ ಪೂರ್ತಿ ನೆರೆತವರು, ಹೊರಗಿನವರನ್ನು ತಂದದ್ದು ಸಾಕು, ಓಣಿಯಲ್ಲೇ ತಂಡ ಕಟ್ಟೋಣ ಎಂದು ಹೊರಟಿದ್ದಾರೆ. ಅವರು ಆರಿಸಿದ ಹದಿನಾರು ಹದಿನೇಳು ವಯಸ್ಸಿನ ಆಟಗಾರರಲ್ಲಿ ಮೂವರು ನೀನು ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ತಯಾರು ಮಾಡಿದವರು. ಗೋಲ್‌ಕೀಪರುಗಳಿಗೆ ಕಲಿಸಲು ನಿನ್ನನ್ನೇ ಕರೆಯಬೇಕೆಂದು ಅವರು ನಮ್ಮ ಫೋನಿನ ಗುಂಪಿನಲ್ಲಿ ಬರೆದರು. ಮರುಗಳಿಗೆಯಲ್ಲೇ ಒಂದು ಉತ್ತರ: "ಕೈಜಾರ ಶರಣಪ್ಪನಾ? ಹುಡುಗ್ರಿಗೆ ಜಾರ್ಸೋದ ಕಲಸ್ತಾನೇನು?" ಬರೆದವನು ಆಗ ಆ ಸಭೆಯಲ್ಲಿರಲಿಲ್ಲ, ಆ ಆಟವನ್ನೂ ನೋಡಿರಲಿಲ್ಲ. ನಗುವ ಮುಖಗಳು ಸಾಲಾಗಿ ಬಂದವು. ಭಾನುವಾರ ಸಭೆ, ಅಲ್ಲೇ ತೀರ್ಮಾನ ಎಂದು ಸಲೀಂ ಸಾಹೇಬರು ಬರೆದರು. ನಾನು ಫೋನು ಬೋರಲು ಹಾಕಿ ಕೂತೆ. ನನ್ನ ವಾಕ್ಯ ಇನ್ನೂ ಆಡುತ್ತಿತ್ತು, ನಾನಿಲ್ಲದೆಯೇ.

ಮರುದಿನ ನಿನ್ನ ಮೈದಾನಕ್ಕೆ ಬಂದೆ, ನಿನಗೆ ನೆನಪಿರಬೇಕು. ನೀನು ಒಬ್ಬ ಹುಡುಗಿಗೆ ಬೀಳುವುದನ್ನು ಕಲಿಸುತ್ತಿದ್ದೆ. "ಮೊದಲ ಬೀಳಾಕ ಕಲಿ ಅವ್ವಾ, ಹಿಡಿಯೋದು ತಾನ ಬರ್ತೈತಿ," ಎನ್ನುತ್ತಿದ್ದೆ. ನನ್ನನ್ನು ಕಂಡು ಓಡಿ ಬಂದೆ, ಚಹಾ ತರಿಸಿದೆ. ನಾನು ಸುತ್ತಿ ಬಳಸಿ ಆ ಗೋಲಿನ ಮಾತು ತೆಗೆದೆ. ಕ್ಷಮೆ ಕೇಳಲೆಂದೇ ಬಂದಿದ್ದೆ, ಆದರೆ ನೀನು ಹೇಳಿದ್ದು ಕೇಳಿ ಅದನ್ನು ಕೇಳದೆಯೇ ಎದ್ದು ಬಂದೆ.

"ನನಗ ಬ್ಯಾರೆ ನೆನಪಿತ್ರಿ ಸರ. ನಮ್ಮ ಡಿಫೆಂಡರ್ ಕಾಲಿಗೆ ಬಡದು ಚೆಂಡು ತಿರುಗಿತ್ತು, ನಾ ಆ ಕಡೆ ಜಿಗಿದಿದ್ದೆ ಅಂತ. ಆದ್ರ ನೀವು ಓದಿದವರು, ಕಣ್ಣಾರೆ ನೋಡೀನಿ ಅಂದ್ರಿ, ಬರಕೊಂಡಿದ್ರಿ. ಹಂಗಾರ ನನ್ನ ನೆನಪ ತಪ್ಪಿರಬೇಕು ಅನ್ಕೊಂಡೆ. ಈಗ ಕಣ್ಣು ಮುಚ್ಚಿದ್ರ ಜಾರಿದ್ದ ಕಾಣ್ತೈತ್ರಿ."

ನಿನ್ನ ಜಾಗ ಹೋಯಿತೆಂದಷ್ಟೇ ನಾನು ತಿಳಿದಿದ್ದೆ. ನಿನ್ನ ನೆನಪನ್ನೂ ಕಿತ್ತು ಅಲ್ಲಿ ನನ್ನದನ್ನು ನೆಟ್ಟಿದ್ದೆ — ಅದು ನನ್ನದು ಕೂಡ ಹೌದೋ ಅಲ್ಲವೋ.

ಮನೆಗೆ ಬಂದು ಹಳೆಯ ವಹಿ ಹುಡುಕಿದೆ. ಆ ಪುಟವೆಲ್ಲ ನೀಲಿ ಶಾಯಿ. ಆ ಒಂದು ಸಾಲು ಮಾತ್ರ ಹಸಿರು. ಹಸಿರು ಪೆನ್ನು ಮನೆಯ ಮೇಜಿನದು, ಕಾಲೇಜಿನ ಉತ್ತರಪತ್ರಿಕೆಗಳಿಗೆ ಇಟ್ಟದ್ದು. ಮೈದಾನಕ್ಕೆ ಎಂದೂ ಒಯ್ದದ್ದಿಲ್ಲ. ಹಾಗಾದರೆ ಮನೆಗೆ ಬಂದ ಮೇಲೆ ಬರೆದದ್ದು. ಯಾರಿಂದಲೋ ಕೇಳಿ ಬರೆದದ್ದು. ಬಾಬುರಾವ್ ಅವರಿಂದಲೇ ಇರಬೇಕು ಎಂದುಕೊಂಡು ಅವರ ಮನೆಗೆ ಹೋದೆ. ಅವರು ಹೇಳಿದ್ದು ಬೇರೆ.

"ಏ ಪ್ರೊಫೆಸರ್ರ, ನಾ ಅದನ್ನ ಕೇಳಿದ್ದ ನಿಮ್ಮಿಂದರಿ. ನೀವು ನೋಡೀರಿ ಅಂತ ನಾ ಸುಮ್ನಾದೆ. ನಾನಾದ್ರೂ ಎಲ್ಲಿ ನೋಡೀನಿ? ಹಲಗಿ ಹೊತಗೊಂಡು ಗ್ವಾಡಿ ಹಿಂದ ನಡದಿದ್ದೆ."

ಗೋಡೆಯ ಹಿಂದೆ. ಆ ಮಾತು ಕೇಳಿದಾಗ ನನಗೆ ಕೂರಲಾಗಲಿಲ್ಲ. ಇಷ್ಟು ವರ್ಷ ಆ ಗೋಲನ್ನು ನೆನೆದಾಗಲೆಲ್ಲ ಬಲೆ ನೆನೆಯುತ್ತಿದ್ದೆ, ಕೈ ನೆನೆಯುತ್ತಿದ್ದೆ; ನಾನೆಲ್ಲಿದ್ದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತರ್ಕ ಕಲಿಸುವವನು ಕೇಳಬೇಕಾದ ಮೊದಲ ಪ್ರಶ್ನೆ.

ಬಾಬುರಾವ್ ಅವರನ್ನೇ ಎಬ್ಬಿಸಿಕೊಂಡು ಮೈದಾನಕ್ಕೆ ಹೋದೆ. ಗೋಡೆ ಹಾಗೆಯೇ ಇದೆ, ಟಾಕಿಯೂ ಇದೆ. "ಹಲಗಿ ಇಲ್ದ ನಡದ್ರ ಲೆಕ್ಕಕ್ಕ ಬರೂದಿಲ್ರಿ," ಎಂದು ಅವರು ಹಲಗೆಯನ್ನೂ ತಂದಿದ್ದರು. ಆ ಬಾಗಿಲಿಂದ ಈ ಬಾಗಿಲವರೆಗೆ ಅಂದಿನ ವೇಗದಲ್ಲೇ ಬಾರಿಸುತ್ತ ನಡೆದೆವು, ಕೈಗಡಿಯಾರ ನೋಡುತ್ತ. ಆರು ನಿಮಿಷ. ಅವರಿಗೆ ವಯಸ್ಸಾಗಿದೆ, ಅಂದು ಐದು ಹಿಡಿದಿರಬಹುದು. ಐದು ಎಂದೇ ಹಿಡಿಯೋಣ.

ಭಾನುವಾರ ನಾನು ಸಭೆಗೆ ಬರುತ್ತೇನೆ. ಈ ಕಾಗದವನ್ನು ಮೊದಲಿಂದ ಕೊನೆಯವರೆಗೆ ಅಲ್ಲಿ ಓದುತ್ತೇನೆ, ನಾನು ಎದ್ದು ನಿಂತು ಆ ಮಾತು ಹೇಳಿದ ಕೋಣೆಯಲ್ಲೇ. ನಿನಗೆ ಆ ಕೆಲಸ ಕೊಡುತ್ತಾರೋ ಇಲ್ಲವೋ ತಿಳಿಯದು. ಕೊಡುತ್ತಾರೆಂದೇ ನನ್ನ ಆಸೆ. ಆ ಹುಡುಗಿ ಎಡಕ್ಕೆ ಬಿದ್ದು ಎದ್ದ ರೀತಿ ನೋಡಿದವರು ಬೇಡ ಎನ್ನಲಾರರು. ಅದನ್ನಂತೂ ನಾನು ಹತ್ತಡಿ ದೂರದಿಂದ ಕಂಡಿದ್ದೇನೆ, ಅದೇ ದಿನ ಬರೆದಿಟ್ಟಿದ್ದೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ. ನಿನ್ನ ನೆನಪನ್ನು ನೀನು ಹಿಂದಕ್ಕೆ ತೆಗೆದುಕೊ, ಅಷ್ಟು ಸಾಕು. ಡಿಫೆಂಡರನ ಕಾಲು, ಚೆಂಡಿನ ತಿರುವು, ಆ ಕಡೆ ಜಿಗಿದ ನೀನು — ಅದು ನಿನ್ನದು. ಅದು ಸರಿಯೋ ತಪ್ಪೋ ಹೇಳುವ ಅಧಿಕಾರ ನನಗಿಲ್ಲ.

ಇಷ್ಟು ಬರೆದ ಮೇಲೂ ನನ್ನೊಳಗಿನ ಸಂಶಯ ಸುಮ್ಮನಾಗಲಿಲ್ಲ — ಆ ಗೋಲು ನಾವು ಒಳಗೆ ಬಂದ ಮೇಲೆ ಬಿದ್ದಿದ್ದರೆ? ನಿನ್ನೆ ಕಾಲೇಜಿಗೆ ರಜೆ ಹಾಕಿ ಲೀಗಿನ ಕಚೇರಿಗೆ ಹೋದೆ. ಗುಮಾಸ್ತರು ಹಳೆಯ ಕಡತಗಳ ಧೂಳು ಕೊಡವಿ ಅಂದಿನ ಆಟದ ರೆಫರಿ ಬರೆದ ಹಾಳೆಯನ್ನು ತೆಗೆದುಕೊಟ್ಟರು. ಚೆಂಡು ಹೇಗೆ ಒಳಗೆ ಹೋಯಿತು ಎಂದು ಅದರಲ್ಲಿಲ್ಲ. ವೇಳೆ ಮಾತ್ರ ಇದೆ. ನಾನು ಎರಡು ಸಲ ಓದಿದೆ, ಆಮೇಲೆ ಗುಮಾಸ್ತರಿಂದ ಒಮ್ಮೆ ಓದಿಸಿದೆ: ಎದುರಾಳಿಯ ಎರಡನೇ ಗೋಲು, ವಿರಾಮದ ನಂತರ ಎರಡನೇ ನಿಮಿಷ.